ಅಂಚಿನಲ್ಲಿ ನೀಲಿ

ಚಾವಣಿಯ ಮೇಲೆ ಒಂದು ಚೂರು ಬೆಳಕು ಓಡಾಡುತ್ತಿದೆ, ಗೋಡೆ ಗಡಿಯಾರದವರೆಗೆ ಹೋಯಿತು, ವಾಪಸು ಬಂತು, ಫ್ಯಾನಿನ ರೆಕ್ಕೆಯ ಮೇಲೆ ಒಂದು ಗಳಿಗೆ ಕೂತಿತು, ಎಲ್ಲಿಂದ ಬಂತಪ್ಪ ಇದು ಎಂದು ಅವನು ಕತ್ತೆತ್ತಿದ, ಕೈ ನಿಂತಿತು, ಬೆಳಕೂ ನಿಂತಿತು — ಓಹೋ, ಕತ್ತರಿಯದ್ದೇ, ಬಿಚ್ಚಿದ ಕತ್ತರಿಯ ಒಂದು ಅಲಗು ಅವನ ಬಲಗೈಯಲ್ಲಿ, ಇನ್ನೊಂದು ಕಿಟಕಿ ಪಕ್ಕದ ಮೇಜಿನ ಮೇಲೆ ಹಳೇ ಟವೆಲಿನಲ್ಲಿ ಒಂಟಿಯಾಗಿ ಮಲಗಿದೆ, ಅವೆರಡನ್ನೂ ಕೂಡಿಸುವ ತಿರುಪು ಅವನ ಬಾಯಲ್ಲಿದೆ, ತುಟಿಗಳ ನಡುವೆ, ನಾಲಿಗೆಗೆ ಕಬ್ಬಿಣದ ರುಚಿ, ನುಂಗಿಬಿಟ್ಟರೆ ಅದೊಂದು ಬಾಕಿ ಇವತ್ತು, ಗಂಡ ಹೆಂಡತಿ ಇಬ್ಬರಿಗೂ ಒಂದೇ ವರ್ಷದಲ್ಲಿ ಆಪರೇಷನ್. ಬಚ್ಚಲಿನಿಂದ ನೀರಿನ ಸದ್ದು, ಅದರ ಹಿಂದೆ ಅವಳ ಗುಣುಗುಣು, ರಾಗವೂ ಅಲ್ಲ ಪದವೂ ಅಲ್ಲ, ತಲೆಗೆ ನೀರು ಹಾಕಿಕೊಳ್ಳಬಹುದು ಅಂತ ಕಣ್ಣಿನ ಡಾಕ್ಟರಮ್ಮ ನಿನ್ನೆ ತಾನೆ ಅಪ್ಪಣೆ ಕೊಟ್ಟಿದ್ದಾಳೆ, ಇಷ್ಟು ದಿನ ಒದ್ದೆ ಬಟ್ಟೆಯಲ್ಲಿ ತಲೆ ಒರೆಸಿಕೊಂಡು ನನ್ನ ತಲೆ ತಲೆಯಲ್ಲ ರೀ ಇದು ಗೋಣಿಚೀಲ ಅಂತ ಗೊಣಗಿದವಳು ಇವತ್ತು ಬಾಗಿಲು ಹಾಕಿಕೊಂಡು ಸುರಿದುಕೊಳ್ಳುತ್ತಿದ್ದಾಳೆ, ಸುರಿದುಕೊಳ್ಳಲಿ, ಟ್ಯಾಂಕ್ ಖಾಲಿಯಾಗಲಿ, ಎಷ್ಟು ಹೊತ್ತು ಆ ನೀರು ಬೀಳುತ್ತದೋ ಅಷ್ಟು ಹೊತ್ತು ಅವನದು. ನೀರು ನಿಂತ ಮೇಲೆ ಟವೆಲು, ಬಾಚಣಿಗೆ, ಕಣ್ಣಿಗೆ ಔಷಧದ ಹನಿ, ಆಮೇಲೆ ನೇರ ಬಂದು ಹೊಲಿಗೆ ಮಷಿನ್ನಿನ ಡ್ರಾಯರ್ ಎಳೆಯುತ್ತಾಳೆ, ಹಳದಿ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿದ ಕತ್ತರಿ ಅಲ್ಲಿರಬೇಕು, ಹರಿತವಾಗಿರಬೇಕು, ಯಾರೂ ಮುಟ್ಟಿಲ್ಲವೇನೋ ಎಂಬಂತೆ ತೆಪ್ಪಗೆ ಬಿದ್ದಿರಬೇಕು. ರೀ, ಏನ್ ಮಾಡ್ತಿದ್ದೀರಿ, ಸದ್ದೇ ಇಲ್ಲ — ಬಚ್ಚಲಿನೊಳಗಿಂದ. ಊಂ, ಎಂದ ಅವನು ತಿರುಪಿನ ಸಮೇತ. ಏನ್ರೀ ಊಂ, ಬಾಯಲ್ಲೇನು ಕಡುಬು ಇಟ್ಕೊಂಡಿದ್ದೀರಾ. ಊಂ ಊಂ. ಅವಳು ನಕ್ಕಿದ್ದು ನೀರಿನೊಳಗೆ ಕೇಳಿಸಿತು.

ಒಂದು ಕಾಲದಲ್ಲಿ ಈ ಕತ್ತರಿಗೆ ಮನೆಯಲ್ಲಿ ಇದ್ದ ಮರ್ಯಾದೆ ಅವನಿಗೆ ಇರಲಿಲ್ಲ. ಅವನದೂ ಕತ್ತರಿ ಹಿಡಿದ ಕೈಯೇ, ಎದುರು ಬೀದಿಯಲ್ಲಿ ಅವನ ಕಟಿಂಗ್ ಶಾಪ್, ಇಡೀ ಬೀದಿಯ ತಲೆಗಳು ಅವನ ಕೈಕೆಳಗೆ ಬಗ್ಗಿದ್ದವು, ಆದರೂ ಮನೆಯೊಳಗೆ ಬಂದರೆ ಅವಳ ಬಟ್ಟೆ ಕತ್ತರಿಯನ್ನು ಬೆರಳ ತುದಿಯಲ್ಲಿ ಮುಟ್ಟುವ ಹಾಗಿಲ್ಲ, ಕಾಗದ ಕತ್ತರಿಸಿದರೆ ಪಕ್ಕದ ಕೋಣೆಯಿಂದಲೇ ಅವಳಿಗೆ ಸದ್ದು ಗೊತ್ತಾಗುತ್ತಿತ್ತು, ಯಾರದು, ಯಾರದು ನನ್ನ ಕತ್ತರೀಲಿ ಕಾಗದ ಕುಯ್ತಿರೋದು, ಮಗಳು ಸಣ್ಣವಳಿದ್ದಾಗ ಒಮ್ಮೆ ಬಣ್ಣದ ಹಾಳೆಯಲ್ಲಿ ನಕ್ಷತ್ರ ಮಾಡಲು ಹೋಗಿ ಅರ್ಧ ನಕ್ಷತ್ರಕ್ಕೇ ಸಿಕ್ಕಿಬಿದ್ದಳು, ಅಮ್ಮನಿಗೆ ಬೆನ್ನಲ್ಲೂ ಕಿವಿ ಇದೆ ಅಪ್ಪ ಅಂತ ಅವನ ಹಿಂದೆ ಬಂದು ಅಡಗಿದ್ದಳು. ಅಂಥ ಕತ್ತರಿ ಇದು. ಈಗ ನೋಡಿದರೆ ಅಲಗಿನ ತುಂಬ ಅಂಟು, ರಟ್ಟಿನ ಪೆಟ್ಟಿಗೆಗೆ ಹಾಕುವ ಟೇಪಿನ ಅಂಟು, ಮೊಮ್ಮಗಳ ಮಿನುಗುಪುಡಿ, ಗಿಡಕ್ಕೆ ಕಟ್ಟಿದ ತಂತಿ ಕತ್ತರಿಸಿದ ಕಡೆ ಒಂದು ಹಲ್ಲು ಬಿದ್ದಿದೆ, ತಂತಿ ಅವನದೇ ಕೆಲಸ, ಹೌದಪ್ಪ, ಒಪ್ಪಿಕೊಂಡೆ, ಉಳಿದದ್ದಕ್ಕೆಲ್ಲ ಮನೆಮಂದಿಯೆಲ್ಲ ಸಮಪಾಲು. ಅವಳು ಹೊಲಿಗೆ ಬಿಟ್ಟಳಲ್ಲ, ಬಿಟ್ಟಮೇಲೆ ಒಂದು ಬೆಳಿಗ್ಗೆ ಅವನು ಅಡುಗೆಮನೆಯಲ್ಲಿ ಹಾಲಿನ ಪ್ಯಾಕೆಟ್ ಹಿಡಿದು ತಡಕಾಡಿದ, ಕೈಗೆ ಇದೇ ಸಿಕ್ಕಿತು, ಕತ್ತರಿಸಿದ, ಕತ್ತರಿಸಿದ ಮೇಲೆ ಜ್ಞಾನ ಬಂತು, ತಿರುಗಿ ನೋಡಿದರೆ ಅವಳು ಅಲ್ಲೇ ಕೂತಿದ್ದಾಳೆ, ನೋಡುತ್ತಿದ್ದಾಳೆ, ಈಗ ಬಂತು ಗುಡುಗು ಎಂದು ಅವನು ಹೆಗಲು ಕುಗ್ಗಿಸಿಕೊಂಡು ನಿಂತ, ಗುಡುಗು ಬರಲೇ ಇಲ್ಲ. ಹಾಲು ಉಕ್ಕೀತು, ಉರಿ ಸಣ್ಣ ಮಾಡಿ, ಅಂದಳು ಅಷ್ಟೇ. ಅವತ್ತು ಅವನಿಗೆ ಆದ ಸಂಕಟ ಯಾರಿಗೆ ಹೇಳುವುದು, ಹೆಂಡತಿ ಬೈಯಲಿಲ್ಲ ಅಂತ ಯಾವ ಗಂಡಸು ಅತ್ತಿದ್ದಾನೆ, ಅವನು ಅತ್ತ, ಟೀ ಸೋಸುತ್ತ ಅತ್ತ.

ಅಲಗನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿದಾಗ ಅಂಟು ಕರಗಿ ಹೋಯಿತು, ಈಗ ಕಿಟಕಿಗೆ ಹಿಡಿದು ನೋಡಬೇಕು, ಅಂಚನ್ನು ಕಣ್ಣಿನ ಮಟ್ಟಕ್ಕೆ, ಇದು ಅವನಿಗೆ ಹುಟ್ಟಿನಿಂದ ಬಂದ ವಿದ್ಯೆ, ಮೊಂಡಾದ ಅಂಚು ಬೆಳಕಿಗೆ ಬೆಳ್ಳಗೆ ಹೊಳೆಯುತ್ತದೆ, ಒಂದು ಬಿಳಿ ದಾರ ಮಲಗಿಸಿದ ಹಾಗೆ, ಹರಿತವಾದ ಅಂಚು ಕಾಣುವುದೇ ಇಲ್ಲ — ಕಾಣುತ್ತಿದೆ, ಹಿಡಿಯಿಂದ ತುದಿಯವರೆಗೂ ಬೆಳ್ಳಗೆ, ಥೂ, ಹಾಲಿನ ಪ್ಯಾಕೆಟ್ಟೇ. ಕಲ್ಲಿಗೆ ನಾಲ್ಕು ಹನಿ ನೀರು. ಓರೆಯಿರುವ ಹೊರಮೈ ಮಾತ್ರ ಮಸೆಯಬೇಕು, ಒಳಮೈ ಚಪ್ಪಟೆ, ಅದನ್ನು ಮುಟ್ಟಿದರೆ ಕತ್ತರಿ ಮುಗಿಯಿತು, ಎರಡು ಅಲಗೂ ಒಂದಕ್ಕೊಂದು ಮುಖ ಕೊಡುವುದೇ ಇಲ್ಲ, ಮಾತುಬಿಟ್ಟ ಓರಗಿತ್ತಿಯರು. ಹಿಡಿಯ ಕಡೆಯಿಂದ ತುದಿಯ ಕಡೆಗೆ, ಒಂದೇ ದಿಕ್ಕು, ಎಳಿ, ಎತ್ತು, ಎಳಿ, ಎತ್ತು, ಸ್ರ್‌ರ್ ಎಂದು ಕಲ್ಲು ಹಾಡಿತು, ಮೆಲ್ಲಗೆ ಮಾರಾಯ, ಕೇಳಿಸೀತು, ಅವಳು ಮಗ್ ಎತ್ತಿ ಸುರಿದಾಗ ನೀನೂ ಎಳಿ, ಅವಳು ತುಂಬಿಕೊಳ್ಳುವಾಗ ಸುಮ್ಮನಿರು — ಹೀಗೆ ತಾಳ ಸಿಕ್ಕಿಬಿಟ್ಟಿತು, ಧಬ್ ಎಂದು ನೀರು, ಸ್ರ್‌ರ್ ಎಂದು ಕಲ್ಲು, ಬಾಗಿಲಿನ ಆ ಕಡೆ ಅವಳು ಈ ಕಡೆ ಇವನು, ಇಷ್ಟು ವರ್ಷ ಸಂಸಾರ ಮಾಡಿದ್ದೂ ಹೆಚ್ಚುಕಡಿಮೆ ಹೀಗೆಯೇ.

ಹೇಳಿಬಿಡಬಹುದಿತ್ತು. ನೋಡೇ, ಕತ್ತರಿ ಮೊಂಡಾಗಿದೆ, ಸಾಣೆ ಹಿಡಿದು ಕೊಡ್ತೀನಿ ಇರು. ಹೇಳಿದ್ದರೆ ಕೆಟ್ಟೆ. ಇವತ್ತು ಅವಳು ಕತ್ತರಿಸುವುದು ಬರೀ ಬಟ್ಟೆಯಲ್ಲ, ಕಳೆದ ವರ್ಷ ಬ್ಯಾಂಕಿನ ಮೇಡಂ ಕೋಟಿನ ಬಟ್ಟೆ ಕೊಟ್ಟಿದ್ದರಲ್ಲ, ಬೂದು ಬಣ್ಣದ ಒಳ್ಳೇ ಬಟ್ಟೆ, ತೋಳು ಕತ್ತರಿಸುವಾಗ ಅವಳ ಕೈ ಗೆರೆ ಬಿಟ್ಟು ಒಳಗೆ ಹೋಯಿತು, ಬೆರಳಗಲ ಹೋಯಿತು, ಮೇಡಂ ಪರವಾಗಿಲ್ಲ ಬಿಡಿ ಆಂಟಿ ಅಂದರು, ಬೈದಿದ್ದರೆ ಅವಳು ತಿರುಗಿ ಎದ್ದು ನಿಲ್ಲುತ್ತಿದ್ದಳೇನೋ, ಆ ಪರವಾಗಿಲ್ಲ ಅನ್ನುವ ಮಾತು ಅವಳನ್ನು ಕೂರಿಸಿಬಿಟ್ಟಿತು. ಕೈ ಹೋಯ್ತು ರೀ, ಅಂದಳು ಆ ಸಂಜೆ ಬೆರಳುಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತ, ನನ್ನ ಕೈ ಹೋಯ್ತು. ಫ್ಲಾನೆಲ್ಲಿನಲ್ಲಿ ಕತ್ತರಿ ಸುತ್ತಿಟ್ಟಳು. ಆಮೇಲೆ ಎಷ್ಟೋ ತಿಂಗಳಾದ ಮೇಲೆ ಒಂದು ದಿನ ಟೀಯನ್ನು ಕಪ್ಪಿನ ಪಕ್ಕಕ್ಕೆ ಸುರಿದಾಗ ತಾನೆ ಇಬ್ಬರಿಗೂ ತಲೆಗೆ ಹೋದದ್ದು, ಕೈಯಲ್ಲ, ಕಣ್ಣು, ಎರಡೂ ಕಣ್ಣಲ್ಲಿ ಪೊರೆ ಹಣ್ಣಾಗಿ ಕೂತಿತ್ತು, ಡಾಕ್ಟರಮ್ಮ ಟಾರ್ಚ್ ಬಿಟ್ಟು ನೋಡಿ ಇಷ್ಟು ದಿನ ಹೇಗಮ್ಮ ಓಡಾಡಿದ್ರಿ ಅಂತ ಕೇಳಿದಳು, ಇವರನ್ನ ಹಿಡ್ಕೊಂಡು ಅಂದಳು ಇವಳು. ಪಟ್ಟಿ ಬಿಚ್ಚಿದ ದಿನ ಮೊದಲು ನೋಡಿದ್ದು ಅವನ ಮುಖವನ್ನು, ನೋಡಿ, ಅಯ್ಯೋ ಇಷ್ಟು ವಯಸ್ಸಾಯ್ತಾ ನಿಮಗೆ ಅಂದಳು, ಕಾಂಪೌಂಡರ್ ನಕ್ಕ, ನರ್ಸ್ ನಕ್ಕಳು, ಇವನೂ ನಕ್ಕ, ಹೊಟ್ಟೆ ಹಿಡಿದುಕೊಂಡು ನಕ್ಕ, ಆ ಮಾತಿಗೆ ಈಗಲೂ ನಗು, ತಿರುಪು ಬಿದ್ದೀತು ಜೋಕೆ. ಎಲ್ಲ ಸರಿ, ಆದರೆ ಅವಳ ತಲೆಯಿಂದ ಆ ಒಂದು ಮಾತು ಹೋಗಿಲ್ಲ. ಕಣ್ಣು ಬಂತು ರೀ, ಕೈ ಬರಬೇಕಲ್ಲ. ಬರುತ್ತೆ ಕಣೇ. ಬರದೇ ಇದ್ರೆ. ತಂಗಿ ಮಗಳಿಗೆ ಫೋನ್ ಮಾಡಿ ಹೇಳಿಬಿಟ್ಟಿದ್ದಾಳೆ, ಭಾನುವಾರ ಸಂಜೆ ಗಾಡಿ ತಗೊಂಡು ಬಾ, ಬೆಳಿಗ್ಗೆ ಒಂದು ಅಂಗಿ ಕತ್ತರಿಸಿ ನೋಡ್ತೀನಿ, ಗೆರೆ ಬಿಟ್ಟು ಹೋದರೆ ಮಷಿನ್ ನಿನ್ನದು, ನಾನು ಇನ್ನು ಮುಟ್ಟಲ್ಲ. ಆ ಹುಡುಗಿ ಪಾಪ, ದೊಡ್ಡಮ್ಮಾ ನಂಗೆ ಬೇಡ ಅಂತ ಬಾಯಿ ಬಡಿದುಕೊಂಡರೂ ಇವಳು ಕೇಳಲಿಲ್ಲ. ಇವತ್ತೇ ಭಾನುವಾರ. ಕತ್ತರಿ ಮೊಂಡು ಅಂತ ಮೊದಲೇ ಹೇಳಿದರೆ, ಓ, ನೆಪ ಈಗಲೇ ರೆಡಿ ಮಾಡಿಟ್ಟಿದ್ದೀರಾ ಅನ್ನುತ್ತಾಳೆ, ಹೇಳದೆ ಮೊಂಡು ಕತ್ತರಿ ಕೊಟ್ಟರೆ ಬಟ್ಟೆ ಅಗಿದು ಅಂಕುಡೊಂಕು ಮಾಡುತ್ತದೆ, ಅವಳು ಕತ್ತರಿಯನ್ನು ದೂರುವುದಿಲ್ಲ, ಕೈ ನೋಡಿಕೊಳ್ಳುತ್ತಾಳೆ. ಎಳಿ, ಎತ್ತು. ಸಂಜೆ ಆ ಗಾಡಿ ಖಾಲಿ ಹೋಗಬೇಕು.

ಮಷಿನ್ ಇಲ್ಲದ ಮನೆ ಹೇಗಿರುತ್ತದೆ ಎಂಬುದು ಈ ಒಂದು ವರ್ಷದಲ್ಲಿ ಅವನಿಗೆ ಅರ್ಥವಾಗಿದೆ, ಇದ್ದೂ ಓಡದ ಮಷಿನ್, ಅದರ ಮೇಲೆ ಇಸ್ತ್ರಿ ಬಟ್ಟೆಯ ಗುಡ್ಡ, ಮಧ್ಯಾಹ್ನಗಳಿಗೆ ಬೆನ್ನುಮೂಳೆಯೇ ಇಲ್ಲ. ಮೊದಲು ಅಂಗಡಿ ಮುಚ್ಚಿ ಊಟಕ್ಕೆ ಬಂದರೆ ಮೆಟ್ಟಿಲಿನಿಂದಲೇ ಕಡಕಡಕಡ ಕೇಳುತ್ತಿತ್ತು, ಆ ಸದ್ದು ಕೇಳಿದರೆ ಹಸಿವು ಹೆಚ್ಚುತ್ತಿತ್ತು, ಉಂಡೆದ್ದು ಅವಳ ಕೋಣೆಯ ನೆಲ ಗುಡಿಸುವುದು ಅವನ ಪಾಲು, ಅಂಗಡಿಯಲ್ಲಿ ಕೂದಲು ಗುಡಿಸಿ ಬಂದವನು ಇಲ್ಲಿ ಚಿಂದಿ ಗುಡಿಸುತ್ತಾನೆ, ನಮ್ಮಪ್ಪನಿಗೆ ಎರಡು ಕಡೆ ಕಸ ಅಂತ ಮಗಳ ಹಾಸ್ಯ, ಆ ಚಿಂದಿಯಲ್ಲೇ ಅವನು ಅವಳ ಕೈಯನ್ನು ಕಂಡದ್ದು. ಅವಳು ಬಟ್ಟೆಯ ಮೇಲೆ ನೀಲಿ ಚಾಕ್‌ಪೀಸಿನಲ್ಲಿ ಗೆರೆ ಎಳೆಯುತ್ತಾಳೆ, ಬೇರೆ ಟೈಲರುಗಳು ಗೆರೆಯ ಆಚೆ ಕತ್ತರಿಸುತ್ತಾರೆ, ಇಲ್ಲ ಈಚೆ ಕತ್ತರಿಸುತ್ತಾರೆ, ಇವಳು ಗೆರೆಯನ್ನೇ ಸೀಳುತ್ತಾಳೆ, ನಡುಮಧ್ಯ, ಕೂದಲೆಳೆಯಷ್ಟು ನೀಲಿ ಆ ಕಡೆ, ಕೂದಲೆಳೆಯಷ್ಟು ಈ ಕಡೆ, ಹೊಲಿಯುವ ತುಂಡು ಅವಳ ಕೈಯಲ್ಲಿ, ಬಿದ್ದ ಚಿಂದಿ ಅವನ ಪೊರಕೆಯಲ್ಲಿ, ಪ್ರತಿ ಚಿಂದಿಗೂ ಒಂದು ನೀಲಿ ಅಂಚು, ಗುಡಿಸಿ ಮೊರಕ್ಕೆ ತುಂಬಿದರೆ ಮೊರದ ತುಂಬ ನೀಲಿ ಅಂಚುಗಳು. ಎಂದೋ ಒಮ್ಮೆ ಎತ್ತಿ ಹಿಡಿದು ಕೇಳಿದ್ದ, ಇದು ಹೇಗೆ ಬರುತ್ತೆ ನಿಂಗೆ. ನೀವು ಕಿವಿ ಕುಯ್ಯದೇ ಕಿವಿ ಸುತ್ತ ಕತ್ತರಿಸ್ತೀರಲ್ಲ, ಅದು ಹೇಗೆ ಬರುತ್ತೆ. ಆ ಕೋಟು ಕೆಡುವುದಕ್ಕೆ ಮೊದಲಿನ ತಿಂಗಳುಗಳಲ್ಲಿ ಚಿಂದಿಯ ಅಂಚುಗಳು ಬರಿದಾಗಿ ಬರತೊಡಗಿದವು, ಕೆಲವದರಲ್ಲಿ ಗೆರೆ ಪೂರ್ತಿ ಇರುತ್ತಿತ್ತು, ಚಾಕ್‌ಪೀಸ್ ಬದಲಾಯಿಸಿರಬೇಕು ಅಂದುಕೊಂಡು ಗುಡಿಸಿ ಹಾಕಿದ ಇವನು, ಬೆಪ್ಪುತಕ್ಕಡಿ.

ಒಂದು ಅಲಗು ಮುಗಿಯಿತು, ತಂತಿ ಮಾಡಿದ ಹಲ್ಲೂ ಸಮವಾಯಿತು, ಬಿಳಿ ದಾರ ಮಾಯ, ಎರಡನೆಯದು, ಅದೂ ಬೇಗ ಒಲಿಯಿತು, ಒಳ್ಳೇ ಉಕ್ಕು, ಒಳಮೈಯನ್ನು ಕಲ್ಲಿನ ಮೇಲೆ ಚಪ್ಪಟೆ ಮಲಗಿಸಿ ಒಂದೇ ಒಂದು ಸಲ ಸವರಿ ಅಂಚಿನಲ್ಲಿ ಮಡಚಿಕೊಂಡ ದೊರಗು ತೆಗೆದ, ತಿರುಪನ್ನು ಬಾಯಿಂದ ಬಿಡಿಸಿ ಒರೆಸಿ ಹಾಕಿದ, ಬಿಗಿ ನೋಡಿದ, ತೀರಾ ಬಿಗಿಯಾದರೆ ಹೆಬ್ಬೆರಳು ನೋಯುತ್ತದೆ, ಸಡಿಲವಾದರೆ ಬಟ್ಟೆಯನ್ನು ಮಡಚಿ ನುಂಗುತ್ತದೆ, ಒಂದು ಹಿಡಿ ಮೇಲೆತ್ತಿ ಬಿಟ್ಟರೆ ಅರ್ಧ ದಾರಿ ಇಳಿದು ನಿಲ್ಲಬೇಕು, ನಿಂತಿತು. ಬಚ್ಚಲಿನಲ್ಲಿ ಇನ್ನೂ ನೀರು. ಇಷ್ಟು ಹೊತ್ತು ಉಳಿದಿದೆಯಲ್ಲ ಎಂದು ಕೈ ತಾನಾಗಿಯೇ ಕಿಟಕಿಯ ಕೊಂಡಿಗೆ ತೂಗುಹಾಕಿದ, ಕ್ಷೌರದ ಕತ್ತಿ ಮಸೆಯುವ ಹಳೇ ಚರ್ಮದ ಪಟ್ಟಿಯ ಕಡೆ ಹೋಯಿತು, ಅಂಗಡಿ ಬಿಟ್ಟರೂ ಅದನ್ನು ಬಿಟ್ಟು ಬಂದಿಲ್ಲ, ತಿರುಪನ್ನು ಮತ್ತೆ ಬಿಚ್ಚಿ ಅಲಗನ್ನು ಪಟ್ಟಿಗೆ ಕೊಟ್ಟ, ಫಟ್ ಫಟ್ ಫಟ್, ಈ ಸದ್ದು, ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದ ಹಾಗೆ, ಸೋಪಿನ ನೊರೆ, ರೇಡಿಯೋ, ಮೊದಲ ಗಿರಾಕಿ ಪೋಸ್ಟ್‌ಮ್ಯಾನ್, ಸ್ವಲ್ಪ ಮೇಲೆ ಇರ್ಲಿ ಅಣ್ಣ, ತಲೆ ಸಣ್ಣಗೆ ಕಾಣ್ತದೆ ಅಂತಾಳೆ ಹೆಂಡತಿ — ಅಲಗು ಕನ್ನಡಿಯಾಯಿತು, ಚಾವಣಿಯ ಬೆಳಕು ಈಗ ಮೀನಿನ ಹಾಗೆ ಚುರುಕು. ಜೋಡಿಸಿದ. ಅವಳ ಬಾಚಣಿಗೆಯಿಂದ ಒಂದು ಬಿಳಿ ಕೂದಲು ಎಳೆದು ಗಾಳಿಯಲ್ಲಿ ಹಿಡಿದು, ಬರೀ ತುದಿಯಿಂದ ಕಚ್ಚಿಸಿದ. ಕೂದಲು ಎರಡಾಯಿತು. ಸದ್ದೇ ಇಲ್ಲ. ಸ್ವರ್ಗಕ್ಕೆ ಮೂರೇ ಗೇಣು ಅವನಿಗೆ, ಭೇಷ್ ಮಗನೆ, ವಯಸ್ಸಾಯ್ತಂತೆ ವಯಸ್ಸು, ಇನ್ನೊಂದು ಕೂದಲು, ಅದೂ ಎರಡು, ಕೂದಲು — ಕೂದಲು.

ಕೂದಲು ಕತ್ತರಿಸುವುದಲ್ಲವಲ್ಲ ಇದು. ಮೇಜಿನ ಕೊನೆಯಲ್ಲಿ ಅಂಗಿಯ ಬಟ್ಟೆ ಮಡಚಿ ಇಟ್ಟಿದೆ, ಅವನೇ ಆರಿಸಿದ ಬಟ್ಟೆ, ಕೆಟ್ರೆ ನಿಮ್ಮ ಅಂಗಿಯೇ ಕೆಡಲಿ, ಊರವರದ್ದು ಯಾಕೆ, ಹೋಗಿ ನಿಮಗೆ ಬೇಕಾದ್ದು ತನ್ನಿ ಅಂತ ಅವಳು ಕಳಿಸಿದ್ದಳು, ಅಂಗಡಿಯಲ್ಲಿ ಎಲ್ಲಕ್ಕಿಂತ ಮೆತ್ತಗಿನದು, ಎಲ್ಲಕ್ಕಿಂತ ಮಿರುಗುವುದು, ಕೆನೆ ಬಣ್ಣ, ಸವರಿದರೆ ಬೆಕ್ಕಿನ ಬೆನ್ನು, ಇದನ್ನೇ ಕೊಡಪ್ಪ ಅಂದ ಇವನು ದೊಡ್ಡ ಜಾಣನ ಹಾಗೆ, ಬಿಡಿಸಿ ನೋಡಿ ಅವಳು ಹಣೆ ಹಣೆ ಚಚ್ಚಿಕೊಂಡಳು, ಇಡೀ ಅಂಗಡೀಲಿ ಇದೇ ಸಿಕ್ತಾ ನಿಮಗೆ, ಇದು ಮೇಜಿನ ಮೇಲೆ ಒಂದು ಕಡೆ ಕೂರಲ್ಲ, ಜಾರು ಬಟ್ಟೆ. ಜಾರು ಬಟ್ಟೆ. ಮೂಲೆಯಿಂದ ಒಂದು ಬೆರಳಗಲ ಹಿಡಿದು ಕತ್ತರಿಯ ಬಾಯಿಗೆ ಕೊಟ್ಟ, ಕತ್ತರಿ ಮುಚ್ಚಿತು, ಬಟ್ಟೆ ಮೆಲ್ಲಗೆ ಮುಂದಕ್ಕೆ ಜಾರಿ ತುದಿಯಿಂದ ಆಚೆ ಬಂತು, ಒಂದೇ ಒಂದು ಎಳೆಯೂ ಕತ್ತರಿಸಿಲ್ಲ. ಮತ್ತೊಮ್ಮೆ. ಮತ್ತೆ ಜಾರಿತು. ಹರಿತ ಹೆಚ್ಚಾಗಿ ಕೆಟ್ಟಿದೆ, ಅಂಚು ಗಾಜಿನಷ್ಟು ನುಣುಪು, ಹಿಡಿತವೇ ಇಲ್ಲ. ಅದೇ ತಪ್ಪು. ಅದೇ, ಅದೇ, ಇಡೀ ಜನ್ಮದಲ್ಲಿ ಅವಳ ಕತ್ತರಿಗೆ ಎರಡು ಸಲ ಸಾಣೆ ಹಿಡಿದಿದ್ದಾನೆ, ಎರಡು ಸಲವೂ ಕ್ಷೌರದ ಕತ್ತರಿ ಮಾಡಿಟ್ಟಿದ್ದಾನೆ, ದೇವರೇ, ಇಂಥ ಗಂಡನನ್ನು ಯಾಕೆ ಕೊಟ್ಟೆ ಅವಳಿಗೆ. ಆಗ ನೀರು ನಿಂತಿತು.

ಮನೆಯಿಡೀ ಕಿವಿಯಾಯಿತು. ಟವೆಲು ಕೊಡವಿದ ಸದ್ದು. ದೊರಗು ಕಲ್ಲು ಬೇಕು, ದೊರಗು ಕಲ್ಲು ಎಲ್ಲಿದೆ, ಅಂಗಡಿಯನ್ನು ಜೊತೆಗಾರನಿಗೆ ಬಿಟ್ಟುಕೊಟ್ಟಾಗ ಅದನ್ನೂ ಬಿಟ್ಟು ಬಂದ, ನುಣ್ಣನೆಯದು ಮಾತ್ರ ತಂದ, ನುಣುಪಿನ ಮೇಲೆ ಅಷ್ಟು ಪ್ರೀತಿ ಈ ಮನುಷ್ಯನಿಗೆ. ಯೋಚನೆ ಮಾಡು. ಅವತ್ತು ಏನಾಯಿತು, ಮೊದಲ ಸಲ, ಸಾಣೆ ಹಿಡಿಯುವವನು ಆ ತಿಂಗಳು ಬೀದಿಗೆ ಬರಲಿಲ್ಲ ಅಂತ ಎದುರಿನ ಹೊಲಿಗೆ ಅಂಗಡಿಯ ಹುಡುಗಿ, ಉದ್ದ ಜಡೆ, ಕೊರಳಲ್ಲಿ ಟೇಪು, ಗಂಡಸರೇ ತುಂಬಿದ ಕಟಿಂಗ್ ಶಾಪಿನ ಮೆಟ್ಟಿಲು ಹತ್ತಿ ಬಂದು ಕತ್ತರಿ ನೀಡಿದಳು, ಕತ್ತರಿ ಅಂದ್ರೆ ಕತ್ತರಿ ತಾನೆ, ಸ್ವಲ್ಪ ಮಸೆದು ಕೊಡಿ, ಅವನು ಸಂಜೆಯಿಡೀ ಮಸೆದ, ಪಟ್ಟಿಗೆ ಕೊಟ್ಟ, ಕನ್ನಡಿ ಮಾಡಿದ, ಮೆಚ್ಚಿಸಬೇಕಿತ್ತಲ್ಲ, ಮಾರನೆಯ ದಿನ ಅವಳು ಒಂದು ಲೈನಿಂಗ್ ಬಟ್ಟೆಯ ಸಮೇತ ವಾಪಸು ಬಂದಳು, ಏನ್ರೀ ಇದು, ನಾನೇನು ಬಟ್ಟೆಗೆ ಗಡ್ಡ ಹೆರೆಯೋಕೆ ಹೊರಟಿದ್ದೀನಾ. ಕುರ್ಚಿಯಲ್ಲಿದ್ದ ಗಿರಾಕಿ ನೊರೆಯ ಸಮೇತ ನಕ್ಕ. ಅವಳು ಸುತ್ತ ನೋಡಿದಳು, ಕನ್ನಡಿಯ ಕೆಳಗೆ ಅವನ ಟೀ ಕಪ್ಪು, ಪಿಂಗಾಣಿಯದು, ತಳದಲ್ಲಿ ಅರ್ಧ ಗುಟುಕು ಉಳಿದಿತ್ತು, ಎತ್ತಿ ಗಟಕ್ಕನೆ ಕುಡಿದಳು — ಅವನ ಎಂಜಲು ಕಪ್ಪಿನಿಂದ, ಅಷ್ಟು ಜನರ ಮುಂದೆ, ಏನೂ ಆಗಿಲ್ಲ ಎಂಬಂತೆ — ಕಪ್ಪನ್ನು ಬೋರಲು ಹಾಕಿ, ತಳದಲ್ಲಿ ಹೊಳಪು ಹಚ್ಚದೆ ಬಿಟ್ಟ, ಬಳೆಯಂಥ ದೊರಗು ಸುತ್ತಿನ ಮೇಲೆ ಅಲಗನ್ನು ಎಳೆದಳು, ಈ ಅಲಗು ಒಮ್ಮೆ, ಆ ಅಲಗು ಒಮ್ಮೆ, ಲೈನಿಂಗ್ ಬಟ್ಟೆಯನ್ನು ಅಡ್ಡ ಸೀಳಿ ತೋರಿಸಿದಳು. ಬಟ್ಟೆ ಕತ್ತರಿಗೆ ಸ್ವಲ್ಪ ಹಲ್ಲಿರಬೇಕು ರೀ, ಪೂರ್ತಿ ಬೋಳು ಮಾಡಿದ್ರೆ ಹಿಡಿಯೋದು ಹೇಗೆ. ಅವಳು ಹೋದ ಮೇಲೆ ಆ ಗಿರಾಕಿಯ ಅರ್ಧ ಮೀಸೆ ಹೋಗಿತ್ತು.

ಕಪ್ಪು. ಅವಳ ಬೆಳಗಿನ ಕಪ್ಪು ಮೇಜಿನ ಮೇಲೇ ಇದೆ, ತಳದಲ್ಲಿ ಒಂದು ಗುಟುಕು, ಕುಡಿದುಬಿಟ್ಟ, ತಣ್ಣಗೆ, ಸಿಹಿ ಜಾಸ್ತಿ, ಕದ್ದು ಸಕ್ಕರೆ ಹಾಕಿಕೊಂಡಿದ್ದಾಳೆ ಕಳ್ಳಿ, ಇರಲಿ, ಬೋರಲು ಹಾಕಿದ, ಬಚ್ಚಲಿನ ಚಿಲಕ ಕದಲಿತು, ಓರೆ ನೋಡಿಕೋ, ಹಿಡಿಯಿಂದ ತುದಿಗೆ, ಖರ್‌ರ್ — ಒಂದು. ಖರ್‌ರ್ — ಇನ್ನೊಂದು. ಮೂಲೆಯ ಬಟ್ಟೆಯನ್ನು ಕೊಟ್ಟು ನೋಡಲು ಪುರುಸೊತ್ತಿಲ್ಲ, ಫ್ಲಾನೆಲ್ಲಿನಲ್ಲಿ ಸುತ್ತಿದ, ಡ್ರಾಯರ್, ಕಲ್ಲು ಟವೆಲಿನೊಳಗೆ, ಟವೆಲು ಕುರ್ಚಿಯ ಕೆಳಗೆ, ಕೈಗಳು ಬೆನ್ನ ಹಿಂದೆ. ಅವಳು ಬಂದಳು. ತಲೆಗೆ ಟವೆಲಿನ ಮುಂಡಾಸು, ಕಪ್ಪು ಕನ್ನಡಕ ತೆಗೆದಿಟ್ಟು ಬಂದಿದ್ದಾಳೆ, ಕಣ್ಣು ಎರಡೂ ತೊಳೆದ ದ್ರಾಕ್ಷಿ, ಎಲ್ಲವನ್ನೂ ನೋಡುತ್ತಿವೆ, ಪಟ್ಟಿ ಬಿಚ್ಚಿದಾಗಿನಿಂದ ಮನೆಯಲ್ಲಿ ಒಂದು ಜೇಡಕ್ಕೂ ನೆಮ್ಮದಿಯಿಲ್ಲ. ಕುಡಿದುಬಿಟ್ರಾ ನನ್ನ ಟೀ. ತಣ್ಣಗಾಗಿತ್ತು ಕಣೇ. ಬೋರಲು ಯಾಕೆ ಹಾಕಿದ್ದೀರಿ. ನೊಣ. ಅವಳು ಕಪ್ಪಿನ ತಳ ನೋಡಿದಳು, ಬಿಳಿಯ ಬಳೆಯ ಮೇಲೆ ಎರಡು ಬೂದು ಗೀರು, ಅವನ ಉಗುರುಗಳ ಸಂದಿಯಲ್ಲೂ ಅದೇ ಬೂದು ಕೆಸರು, ಅವಳ ತುಟಿಯ ಒಂದು ಮೂಲೆ ಕೊಂಚ ಒಳಗೆ ಹೋಯಿತು, ನಗುವನ್ನು ಕಚ್ಚಿ ಹಿಡಿದಾಗ ಹಾಗಾಗುತ್ತದೆ, ಇಷ್ಟು ವರ್ಷದಿಂದ ಬಲ್ಲ. ಡ್ರಾಯರ್ ಎಳೆದಳು. ಕತ್ತರಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ತೆರೆದು ಮುಚ್ಚಿದಳು. ಈ ಸಲವೂ ಗಡ್ಡ ಹೆರೆಯೋಕೆ ಮಾಡಿಲ್ಲ ತಾನೆ, ಅಂದಳು. ಬಾಯಲ್ಲಿ ತಿರುಪು ಇದ್ದಾಗಲೇ ಚೆನ್ನಾಗಿತ್ತು, ನೆಪ ಅನ್ನುವ ಪದ ಈಗ ಬರುತ್ತದೆ, ಈಗ, ಬರಲಿಲ್ಲ, ಅವಳು ಆಗಲೇ ಬಟ್ಟೆ ಹಾಸುತ್ತಿದ್ದಳು.

ನೀಲಿ ಚಾಕ್‌ಪೀಸು. ಗೆರೆ. ಕುತ್ತಿಗೆಯಿಂದ ಹೆಗಲಿಗೆ, ಹೆಗಲಿನಿಂದ ಕಂಕುಳಿಗೆ ಬಾಗಿ, ಕಂಕುಳಿನಿಂದ ಕೆಳಗೆ, ಟೇಪು ಇಡದೆ ಅವನ ಮೈಯಳತೆ ಎಳೆಯುತ್ತಾಳೆ, ಹೊಟ್ಟೆಯ ಹತ್ತಿರ ಬಂದಾಗ ಒಮ್ಮೆ ತಿರುಗಿ ಅವನ ಹೊಟ್ಟೆ ನೋಡಿ ಗೆರೆಯನ್ನು ಸ್ವಲ್ಪ ಆಚೆ ಸರಿಸಿದಳು, ಸರಿಸಲಿ, ಇನ್ನೂ ಸರಿಸಲಿ. ಕತ್ತರಿ ಎತ್ತಿದಳು. ಕತ್ತರಿ ಬಾಯಿ ತೆರೆಯಿತು, ಬಟ್ಟೆ ಒಳಗೆ ಹೋಯಿತು, ಈಗ ಜಾರಿದರೆ, ಈಗ ಜಾರಿದರೆ ಸಂಜೆ ಗಾಡಿ, ಇಬ್ಬರು ಹಿಡಿದುಕೊಂಡು ಮೆಟ್ಟಿಲು ಇಳಿಸುತ್ತಾರೆ, ನೆಲದ ಮೇಲೆ ಮಷಿನ್ನಿನ ನಾಲ್ಕು ಕಾಲಿನ ಗುರುತು — ಕರ್‌ರ್. ಹಿಡಿಯಿತು. ಕರ್‌ರ್ ಎಂದು ಉದ್ದಕ್ಕೆ, ಮೇಜಿನ ಹಲಗೆಯನ್ನು ಬಿಡದೆ, ಅವಳು ಹೋಗುತ್ತಿದ್ದಾಳೆ, ಹೆಗಲು ಬಂತು, ಹೋಯಿತು, ಕಂಕುಳಿನ ತಿರುವು, ಬ್ಯಾಂಕಿನ ಮೇಡಂ ಕೋಟು ಕೆಟ್ಟದ್ದು ಇಂಥ ತಿರುವಿನಲ್ಲೇ, ಅವಳು ನಿಧಾನಿಸಲಿಲ್ಲ, ತುದಿ ಮೂಲೆಯನ್ನು ಕಚ್ಚಿತು, ಟಕ್ ಎಂದಿತು, ಒಂದು ತುಂಡು ಅವಳ ಕೈಯಲ್ಲಿ, ಇನ್ನೊಂದು ಮೇಜಿನಿಂದ ಜಾರಿ ಮಷಿನ್ನಿನ ಕೆಳಗೆ. ಅವಳು ತನ್ನ ಕೈಯ ತುಂಡನ್ನು ಬೆಳಕಿಗೆ ಹಿಡಿದು ಅಂಚು ನೋಡುತ್ತಿದ್ದಾಳೆ, ನೀಲಿ ಇದೆ, ಇವನಿಗೂ ಕಾಣುತ್ತಿದೆ, ಆದರೆ ಅದರಿಂದ ಏನು ತಿಳಿಯುತ್ತದೆ, ಗೆರೆ ಪೂರ್ತಿ ಅಲ್ಲೇ ಉಳಿದಿದ್ದರೂ ನೀಲಿಯೇ, ನಿಜ ಗೊತ್ತಿರುವುದು ಕೆಳಗೆ ಬಿದ್ದ ಚಿಂದಿಗೆ, ಅವನು ಮಂಡಿ ಊರಿದ, ಮಂಡಿ ಲಟಕ್ಕೆಂದಿತು, ಏನ್ರೀ, ಏನು ಬೀಳಿಸಿದ್ರಿ. ಇಲ್ಲ, ಗುಡಿಸೋಣ ಅಂತ. ಈಗಲೇ ಯಾಕೆ ಗುಡಿಸ್ತೀರಿ, ಇನ್ನೂ ತೋಳು ಇದೆ, ಕಾಲರ್ ಇದೆ, ಮೊದಲು ಆ ಹುಡುಗಿಗೆ ಫೋನ್ ಮಾಡಿ, ಗಾಡಿ ಬೇಡ, ಊಟಕ್ಕೆ ಬರಲಿ. ಹೂಂ, ಎಂದ, ಕೈ ಮಷಿನ್ನಿನ ಪೆಡಲಿನ ಹಿಂದೆ ತಡಕುತ್ತಿದೆ, ಧೂಳು, ಒಂದು ಗುಂಡಿ, ಸಿಕ್ಕಿತು, ಬೆಕ್ಕಿನ ಬೆನ್ನಿನಷ್ಟು ಮೆತ್ತಗೆ, ಎಳೆದು ಕಿಟಕಿಯ ಬೆಳಕಿಗೆ ತಂದ, ಕೆನೆ ಬಣ್ಣದ ಚಿಂದಿ, ಅದರ ಬಾಗಿದ ಅಂಚು, ಹೆಗಲಿನಿಂದ ಕಂಕುಳಿನವರೆಗೆ, ಎಲ್ಲೂ ಬಿಡದೆ, ಕೂದಲೆಳೆಯಷ್ಟು ನೀಲಿ, ನೀಲಿ, ಅಂಚಿನುದ್ದಕ್ಕೂ ನೀಲಿ